‘ಪ್ರಾಕ್ಟೀಸ್’ ಕಂಡಲ್ಲೆಲ್ಲ ‘ಅಭ್ಯಾಸ’ ಅಂತ ಬರೀಬೇಡಿ

ಹಾಸನದಲ್ಲಿ ಸಂಜೆ ಹೊತ್ತು ನಾಲ್ಕು ಜನಕ್ಕೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬಿಡುವಿದ್ದಾಗ ಅರ್ಜಿ, ಕರಪತ್ರ, ಕೋರ್ಟು ಕಾಗದ ಅಂತ ಸಣ್ಣಪುಟ್ಟ ಅನುವಾದವನ್ನೂ ಮಾಡಿಕೊಡುತ್ತೇನೆ. ಜನ ಪದೇ ಪದೇ ಬಂದು ಕೇಳುವುದು ಬಾಯಿ ತಿರುಗದ ದೊಡ್ಡ ಪದಗಳನ್ನಲ್ಲ, ಅವಕ್ಕೆ ನಿಘಂಟು ಇದೆ. ಎಡವುವುದೆಲ್ಲ ನಾವು ದಿನಾ ಬಾಯಲ್ಲಿ ಆಡುವ ಪದಗಳಲ್ಲೇ. ಅದರಲ್ಲಿ ಮೊದಲನೇದು ‘ಪ್ರಾಕ್ಟೀಸ್’. “ಸರ್, ಪ್ರಾಕ್ಟೀಸ್ ಅಂದ್ರೆ ಅಭ್ಯಾಸ ಅಲ್ವಾ, ಇದರಲ್ಲಿ ಏನಿದೆ?” ಅಂತ ಶುರುವಾಗುತ್ತದೆ. ಆಮೇಲೆ ಒಂದು ಕಾಗದ ಮುಂದಿಡುತ್ತಾರೆ, ಅದರಲ್ಲಿ ‘ಪ್ರೈವೇಟ್ ಪ್ರಾಕ್ಟೀಸ್’ ಹೋಗಿ ‘ಖಾಸಗಿ ಅಭ್ಯಾಸ’ ಆಗಿರುತ್ತದೆ.

ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ. ಆದ್ದರಿಂದ ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಇಲ್ಲಿ ತೊಂದರೆ ಇಂಗ್ಲಿಷಿನದ್ದಲ್ಲ. ಇಂಗ್ಲಿಷ್‌ನವರು ಒಂದೇ ಪದಕ್ಕೆ ಹತ್ತು ಕೆಲಸ ಹಚ್ಚಿದ್ದಾರೆ, ನಮ್ಮಲ್ಲಿ ಆ ಹತ್ತಕ್ಕೂ ಬೇರೆ ಬೇರೆ ಪದ ಇವೆ. ಸಾಧಕ, ತಾಲೀಮು, ವಾಡಿಕೆ, ರೂಢಿ, ಪದ್ಧತಿ, ಆಚರಣೆ, ವೃತ್ತಿ, ಕ್ರಮ. ಇಷ್ಟೆಲ್ಲ ಮನೆಯಲ್ಲೇ ಇಟ್ಟುಕೊಂಡು ಎಲ್ಲದಕ್ಕೂ ‘ಅಭ್ಯಾಸ’ ಅನ್ನುವ ಒಂದೇ ಪಾತ್ರೆ ಎತ್ತಿಕೊಳ್ಳುವುದು ನಮ್ಮ ಸೋಮಾರಿತನ.

ಏನೇನು ಬೇಕು

ಜಾಸ್ತಿ ಏನೂ ಬೇಡ. ಪೂರ್ತಿ ವಾಕ್ಯ ಬೇಕು, ಒಂಟಿ ಪದ ಸಾಲದು. ಆ ವಾಕ್ಯ ಎಲ್ಲಿಂದ ಬಂತು ಅನ್ನುವುದು ಗೊತ್ತಿರಬೇಕು: ಆಸ್ಪತ್ರೆ ಚೀಟಿಯೋ, ಕೃಷಿ ಕರಪತ್ರವೋ, ಕೋರ್ಟಿನ ಆದೇಶವೋ, ಮಕ್ಕಳ ಪುಸ್ತಕವೋ. ಕೈಯಲ್ಲಿ ಒಂದು ಪೆನ್ಸಿಲ್ ಇರಲಿ. ಫೋನಿನಲ್ಲಿ ಅನುವಾದ ಮಾಡುವ ಆ್ಯಪ್ ಇದ್ದರೆ ಅದನ್ನು ಕೊನೆಗೆ ತೆಗೆಯಿರಿ, ಮೊದಲೇ ಬೇಡ. ಮೊದಲೇ ತೆಗೆದರೆ ಅದು ಕೊಟ್ಟ ಪದ ತಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಏನು ಮಾಡಿದರೂ ಏಳುವುದಿಲ್ಲ.

1. ಅಕ್ಕಪಕ್ಕದ ಪದಗಳಿಗೆ ಗೆರೆ ಎಳೆಯಿರಿ

‘ಪ್ರಾಕ್ಟೀಸ್’ ಅನ್ನುವುದರ ಹಿಂದೆ ಏನಿದೆ, ಮುಂದೆ ಏನಿದೆ ನೋಡಿ. ‘ನೆಟ್’ ಇದ್ದರೆ ಕ್ರಿಕೆಟ್. ‘ಲೀಗಲ್’, ‘ಮೆಡಿಕಲ್’, ‘ಡೆಂಟಲ್’ ಇದ್ದರೆ ಕಸುಬಿನ ಮಾತು. ‘ರಿಲಿಜಸ್’ ಇದ್ದರೆ ಧರ್ಮದ್ದು. ‘ಟ್ರೇಡ್’ ಇದ್ದರೆ ವ್ಯಾಪಾರದ್ದು, ಮುಕ್ಕಾಲು ಪಾಲು ತಂಟೆಯದ್ದೂ ಹೌದು. ಹಿಂದೆ ‘ಇನ್’ ಇದ್ದರೆ ಹುಷಾರು, ಅದಕ್ಕೆ ಮೂರನೇ ಹಂತದಲ್ಲಿ ಬರೋಣ. ಇದು ಸುಲಭದ ಹಂತ, ಆದರೆ ಹತ್ತರಲ್ಲಿ ಆರು ತಪ್ಪು ಇಲ್ಲೇ ನಿಂತುಹೋಗುತ್ತವೆ ಅಂತ ನನ್ನ ಅಂದಾಜು.

ಬಹುವಚನವನ್ನೂ ನೋಡಿ. ಕೈ ಪಳಗಿಸುವ ಅರ್ಥದಲ್ಲಿ ಇಂಗ್ಲಿಷಿನವರು ಈ ಪದವನ್ನು ಎಣಿಸುವುದಿಲ್ಲ. ನಾವು ‘ಎರಡು ನೀರು’ ಅನ್ನುವುದಿಲ್ಲವಲ್ಲ, ಹಾಗೆ. ‘ಪ್ರಾಕ್ಟೀಸಸ್’ ಅಂತ ಬಹುವಚನ ಕಂಡರೆ ಅಲ್ಲಿರುವುದು ಬಹುಮಟ್ಟಿಗೆ ಪದ್ಧತಿಗಳು, ಆಚರಣೆಗಳು, ಇಲ್ಲವೇ ಕ್ಲಿನಿಕ್ಕುಗಳು. ಆಟಗಾರರು ‘ದಿನಕ್ಕೆ ಎರಡು ಪ್ರಾಕ್ಟೀಸ್’ ಅನ್ನುವುದುಂಟು. ಅಲ್ಲಿ ಅವರು ಎಣಿಸುವುದು ಅಭ್ಯಾಸದ ಹೊತ್ತನ್ನು.

2. ‘ಮತ್ತೆ ಮತ್ತೆ ಮಾಡೋದು ಯಾಕೆ?’ ಅಂತ ಕೇಳಿ

ಇದೇ ಮುಖ್ಯ ಹಂತ. ಇಲ್ಲಿ ಸ್ವಲ್ಪ ನಿಧಾನ ಮಾಡಿ.

ಪ್ರಾಕ್ಟೀಸ್ ಅಂದರೆ ಯಾವುದೋ ಕೆಲಸ ಮತ್ತೆ ಮತ್ತೆ ನಡೆಯುತ್ತಿದೆ ಅಂತ. ಅಷ್ಟು ಎಲ್ಲರಿಗೂ ಗೊತ್ತು. ಆದರೆ ಯಾಕೆ ಮತ್ತೆ ಮತ್ತೆ? ಉತ್ತರ ಬದಲಾದ ಹಾಗೆ ಕನ್ನಡದ ಪದವೂ ಬದಲಾಗುತ್ತದೆ.

ಕೈ ಪಳಗಲಿ ಅಂತ. ಈಗ ಬರುವುದಿಲ್ಲ, ಮಾಡುತ್ತಾ ಮಾಡುತ್ತಾ ಬರಲಿ. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಅಂತಾರಲ್ಲ, ಅದರ ಮೊದಲರ್ಧ. ಇಲ್ಲಿ ‘ಅಭ್ಯಾಸ’ ಸರಿಯೇ. ಆದರೆ ಇಲ್ಲೂ ಆಯಾ ಕಸುಬಿನವರ ಬಾಯಲ್ಲಿ ಬೇರೆ ಪದ ಇದೆ. ಕರ್ನಾಟಕ ಸಂಗೀತ ಕಲಿಯುವವರು ‘ಸಾಧಕ ಮಾಡ್ತೀನಿ’ ಅನ್ನುತ್ತಾರೆ, ಹಿಂದೂಸ್ತಾನಿಯವರು ‘ರಿಯಾಜ್’ ಅನ್ನುತ್ತಾರೆ. ನಮ್ಮ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟುವಾಗ ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ನಡೆಯುವುದು ‘ತಾಲೀಮು’. ಗರಡಿಯವರದ್ದು ‘ಸಾಮು’. ಪೊಲೀಸ್ ಮೈದಾನದಲ್ಲಿ ಬೆಳಿಗ್ಗೆ ನಡೆಯುವುದು ‘ಕವಾಯತು’. ಇವನ್ನೆಲ್ಲ ಬಿಟ್ಟು ‘ನಾಟಕದ ಅಭ್ಯಾಸ’ ಅಂತ ಬರೆದರೆ ತಪ್ಪೇನಿಲ್ಲ, ಉಪ್ಪಿಲ್ಲದ ಸಾರು ಅಷ್ಟೇ.

ಇಲ್ಲೊಂದು ಸಣ್ಣ ಎಚ್ಚರಿಕೆ. ಸಭೆಯ ಮುಂದೆ ಆಡಿ ತೋರಿಸುವುದಕ್ಕೆ ಮೊದಲು ಅದನ್ನೇ ಇಡಿಯಾಗಿ ಆಡಿ ನೋಡುವುದಕ್ಕೆ ಇಂಗ್ಲಿಷಿನವರು ‘ರಿಹರ್ಸಲ್’ ಅನ್ನುತ್ತಾರೆ. ಭೀಮನ ಪಾತ್ರದವನು ಮನೆಯಲ್ಲಿ ಕಂದಪದ್ಯ ಗುನುಗಿ ಗಂಟಲು ಹದ ಮಾಡಿಕೊಂಡರೆ ಪ್ರಾಕ್ಟೀಸ್, ಎಲ್ಲರೂ ಸೇರಿ ಸಭಾಪರ್ವ ಆಡಿದರೆ ರಿಹರ್ಸಲ್. ನಮ್ಮ ತಾಲೀಮು ಎರಡಕ್ಕೂ ನಡೆಯುತ್ತದೆ.

ಹೊಟ್ಟೆಪಾಡಿಗೆ. ಡಾಕ್ಟರು, ವಕೀಲರು, ಲೆಕ್ಕಪರಿಶೋಧಕರು ‘ಪ್ರಾಕ್ಟೀಸ್ ಮಾಡ್ತಾರೆ’. ಮೂವತ್ತು ವರ್ಷದಿಂದ ಇನ್ನೂ ಪ್ರಾಕ್ಟೀಸೇ ಮಾಡ್ತಿದ್ದಾರಾ ಅನ್ನುವ ಹಳಸಿದ ಜೋಕು ಬೇಡ. ಇಲ್ಲಿ ಅರ್ಥ ವೃತ್ತಿ. ‘ವೈದ್ಯವೃತ್ತಿ ನಡೆಸುತ್ತಿದ್ದಾರೆ’, ‘ವಕೀಲಿ ವೃತ್ತಿಯಲ್ಲಿದ್ದಾರೆ’ ಅಂತ ಬರೆಯಿರಿ. ‘ಪ್ರೈವೇಟ್ ಪ್ರಾಕ್ಟೀಸ್’ ಅಂದರೆ ಸರ್ಕಾರಿ ಸಂಬಳಕ್ಕೆ ಹೊರತಾಗಿ ಸ್ವಂತವಾಗಿ ನಡೆಸುವ ವೃತ್ತಿ, ‘ಖಾಸಗಿ ವೃತ್ತಿ’. ಸರ್ಕಾರಿ ಡಾಕ್ಟರ ಸಂಬಳದ ಚೀಟಿಯಲ್ಲಿ ‘ನಾನ್ ಪ್ರಾಕ್ಟೀಸಿಂಗ್ ಅಲೊಯೆನ್ಸ್’ ಅಂತ ಕಂಡರೆ, ಹೊರಗೆ ಖಾಸಗಿಯಾಗಿ ರೋಗಿಗಳನ್ನು ನೋಡದೆ ಇರುವುದಕ್ಕೆ ಕೊಡುವ ಭತ್ಯೆ ಅದು. ಇದನ್ನು ‘ಅಭ್ಯಾಸ ಮಾಡದ ಭತ್ಯೆ’ ಅಂತ ಅನುವಾದ ಮಾಡಿದ್ದನ್ನು ನೋಡಿದ್ದೇನೆ. ಏನೂ ಕಲಿಯದೆ ಕೂತದ್ದಕ್ಕೆ ಬಹುಮಾನ ಕೊಟ್ಟ ಹಾಗಿತ್ತು.

ಇದೇ ಕವಲಿನಲ್ಲಿ ಇನ್ನೊಂದು ಅರ್ಥ ಇದೆ, ನಮ್ಮಲ್ಲಿ ಕಡಿಮೆ ಕೇಳುತ್ತೇವೆ. ಅಮೆರಿಕ, ಇಂಗ್ಲೆಂಡಿನಲ್ಲಿರುವ ನೆಂಟರು ‘ನಮ್ಮ ಡಾಕ್ಟರು ಪ್ರಾಕ್ಟೀಸ್ ಮಾರಿಬಿಟ್ರು’ ಅಂದರೆ ಗಾಬರಿ ಬೇಡ. ಅಲ್ಲಿ ಪ್ರಾಕ್ಟೀಸ್ ಅಂದರೆ ಕ್ಲಿನಿಕ್ಕೇ, ಅಂದರೆ ಜಾಗ, ಬರುವ ರೋಗಿಗಳು, ಹೆಸರು ಎಲ್ಲ ಸೇರಿದ ವ್ಯವಹಾರ. ಈ ಅರ್ಥದಲ್ಲಿ ‘ಒಂದು ಪ್ರಾಕ್ಟೀಸ್, ಎರಡು ಪ್ರಾಕ್ಟೀಸ್’ ಅಂತ ಆರಾಮಾಗಿ ಎಣಿಸುತ್ತಾರೆ.

ಹಿಂದಿನಿಂದ ನಡೆದು ಬಂದಿದೆ ಅಂತ. ನಮ್ಮ ಹಾಸನಾಂಬೆಯ ಬಾಗಿಲು ವರ್ಷಕ್ಕೆ ಒಂದೇ ಸಲ, ಆಶ್ವಯುಜ ಮಾಸದಲ್ಲಿ, ದೀಪಾವಳಿ ಆಸುಪಾಸಿನ ಕೆಲವೇ ದಿನ ತೆರೆಯುತ್ತದೆ. ಇಂಗ್ಲಿಷ್ ಪತ್ರಿಕೆ ಇದಕ್ಕೆ ‘ಪ್ರಾಕ್ಟೀಸ್’ ಅಂತ ಬರೆಯುತ್ತದೆ. ಬಾಗಿಲು ತೆಗೆಯುವುದನ್ನು ಯಾರೂ ಕಲಿಯುತ್ತಿಲ್ಲ, ಅದರಿಂದ ಯಾರೂ ಹೊಟ್ಟೆ ಹೊರೆಯುತ್ತಿಲ್ಲ, ಹಾಗೆ ನಡೆದು ಬಂದಿದೆ. ಇದು ಸಂಪ್ರದಾಯ, ಪದ್ಧತಿ. ಊರಿನ ಚಿಕ್ಕಪುಟ್ಟ ವಿಷಯ ಆದರೆ ವಾಡಿಕೆ, ರೂಢಿ. ‘ಆ್ಯಸ್ ಈಸ್ ದ ಪ್ರಾಕ್ಟೀಸ್’ ಅಂತ ಇದ್ದರೆ ಕಣ್ಣು ಮುಚ್ಚಿಕೊಂಡು ‘ವಾಡಿಕೆಯಂತೆ’ ಅಂತ ಬರೆಯಬಹುದು. ‘ಮೇಕ್ ಇಟ್ ಎ ಪ್ರಾಕ್ಟೀಸ್’ ಅಂದರೆ ‘ರೂಢಿ ಮಾಡಿಕೊಳ್ಳಿ’. ಕಚೇರಿ ಕಡತದಲ್ಲಿ ‘ಪ್ರಿವೇಲಿಂಗ್ ಪ್ರಾಕ್ಟೀಸ್’ ಬಂದರೆ ‘ಚಾಲ್ತಿಯಲ್ಲಿರುವ ಪದ್ಧತಿ’.

ನಂಬಿಕೆಗಾಗಿ. ಇಲ್ಲಿ ಆಚರಣೆ, ವ್ರತ, ಅನುಷ್ಠಾನ, ಸಾಧನೆ ಇವೆಲ್ಲ ಬರುತ್ತವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳಲ್ಲಿ ಸಲ್ಲೇಖನದಿಂದ, ಅಂದರೆ ಊಟ ಬಿಟ್ಟು ಪ್ರಾಣ ಬಿಡುವ ಜೈನರ ವ್ರತದಿಂದ, ತೀರಿಕೊಂಡವರ ಹೆಸರು ಸಾಲುಸಾಲಾಗಿ ಇವೆ. ಅದರ ಬಗ್ಗೆ ಇಂಗ್ಲಿಷಿನಲ್ಲಿ ‘ಪ್ರಾಕ್ಟೀಸ್ ಆಫ್ ಸಲ್ಲೇಖನ’ ಅಂತ ಓದಿ, ಕನ್ನಡದಲ್ಲಿ ‘ಸಲ್ಲೇಖನದ ಅಭ್ಯಾಸ’ ಅಂತ ಬರೆದರೆ ಹೇಗೆ ಕೇಳುತ್ತದೆ ನೀವೇ ನೋಡಿ. ಸಾಯುವುದನ್ನು ದಿನಾ ಅಭ್ಯಾಸ ಮಾಡುತ್ತಿದ್ದರು ಅಂದ ಹಾಗೆ! ಅದು ವ್ರತ. ಕೋರ್ಟಿನ ಸುದ್ದಿಗಳಲ್ಲಿ ‘ಎಸೆನ್ಷಿಯಲ್ ರಿಲಿಜಸ್ ಪ್ರಾಕ್ಟೀಸ್’ ಅನ್ನುವುದು ಆಗಾಗ ಬರುತ್ತದೆ. ಈ ಮಾತಿನ ಬೇರು ನಮ್ಮ ಕಡೆಗೇ ಬರುತ್ತದೆ, ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1954ರಲ್ಲಿ ಕೊಟ್ಟ ತೀರ್ಪಿಗೆ. ಧರ್ಮಕ್ಕೆ ಯಾವುದು ತೀರಾ ಬೇಕಾದದ್ದು ಅನ್ನುವುದನ್ನು ಅಲ್ಲಿ ವಿಚಾರ ಮಾಡಿದರು. ಕನ್ನಡದಲ್ಲಿ ‘ಅತ್ಯಗತ್ಯ ಧಾರ್ಮಿಕ ಆಚರಣೆ’.

ಆಚರಣೆ ಅಂದ ತಕ್ಷಣ ಒಳ್ಳೆಯದೇ ಅಂದುಕೊಳ್ಳಬೇಡಿ. ‘ಪ್ರಾಕ್ಟೀಸ್ ಆಫ್ ಅನ್‌ಟಚಬಿಲಿಟಿ’ಗೂ ನಾವು ‘ಅಸ್ಪೃಶ್ಯತೆ ಆಚರಣೆ’ ಅಂತಲೇ ಬರೆಯುತ್ತೇವೆ.

ಕೆಲಸ ಕೆಡದಿರಲಿ ಅಂತ. ಕೃಷಿ, ಕಾರ್ಖಾನೆ, ಅಡುಗೆಮನೆ, ಲ್ಯಾಬು, ಎಲ್ಲೇ ಆದರೂ ‘ಹೀಗೆ ಮಾಡಿದರೆ ಸರಿಹೋಗುತ್ತೆ’ ಅಂತ ಗೊತ್ತಾಗಿರುವ ದಾರಿ. ಇದಕ್ಕೆ ‘ಕ್ರಮ’ ಅಥವಾ ‘ಪದ್ಧತಿ’. ‘ಬೆಸ್ಟ್ ಪ್ರಾಕ್ಟೀಸಸ್’ ಅಂದರೆ ಅತ್ಯುತ್ತಮ ಅಭ್ಯಾಸಗಳಲ್ಲ, ಒಳ್ಳೆಯದು ಅಂತ ಪರೀಕ್ಷೆಯಾಗಿರುವ ಕ್ರಮಗಳು. ‘ಪ್ಯಾಕೇಜ್ ಆಫ್ ಪ್ರಾಕ್ಟೀಸಸ್’ ಅಂತ ಕೃಷಿ ವಿಶ್ವವಿದ್ಯಾಲಯದವರ ದಪ್ಪ ಪುಸ್ತಕ ಕಂಡರೆ, ಬಿತ್ತನೆಯಿಂದ ಕೊಯ್ಲಿನವರೆಗೆ ಆ ಬೆಳೆಗೆ ಏನೇನು ಮಾಡಬೇಕು ಅನ್ನುವ ಬೇಸಾಯ ಕ್ರಮಗಳು ಅದರಲ್ಲಿರುತ್ತವೆ.

ಇಲ್ಲೇ ನಾನೂ ಒಂದು ಸಲ ಬಿದ್ದಿದ್ದೇನೆ. ಕಾಫಿ ತೋಟದವರಿಗೆ ಅಂತ ಒಂದು ಇಂಗ್ಲಿಷ್ ಕರಪತ್ರ ಅನುವಾದಕ್ಕೆ ಬಂದಿತ್ತು. ಅದರಲ್ಲಿ ‘ಕಲ್ಚರಲ್ ಪ್ರಾಕ್ಟೀಸಸ್’ ಅಂತ ತಲೆಬರಹ. ನಾನು ಹಿಂದೆಮುಂದೆ ನೋಡದೆ ‘ಸಾಂಸ್ಕೃತಿಕ ಆಚರಣೆಗಳು’ ಅಂತ ಬರೆದುಬಿಟ್ಟೆ. ಸಕಲೇಶಪುರ ಕಡೆಯ ಒಬ್ಬ ಹಿರಿಯರು ಓದಿ, “ಮೇಷ್ಟ್ರೇ, ಗಿಡದ ಮುಂದೆ ಕೋಲಾಟ ಆಡ್ಬೇಕಾ?” ಅಂದರು. ಕೆಳಗಿದ್ದದ್ದು ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು), ಚಿಗುರು ತೆಗೆಯುವುದು, ಕಳೆ ತೆಗೆಯುವುದು, ಗೊಬ್ಬರ. ಇಂಗ್ಲಿಷಿನಲ್ಲಿ ‘ಕಲ್ಚರ್’ ಅಂದರೆ ಬೇಸಾಯವೂ ಹೌದು, ‘ಅಗ್ರಿಕಲ್ಚರ್’ನಲ್ಲಿ ಇರುವುದು ಅದೇ. ಹಾಗಾಗಿ ‘ಕಲ್ಚರಲ್ ಪ್ರಾಕ್ಟೀಸಸ್’ ಅಂದರೆ ಬೇಸಾಯ ಕ್ರಮಗಳು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ, ಕಾಫಿ ಬಗ್ಗೆ ಓದುವವರಿಗೆ ಈ ಮಾತು ಸಿಕ್ಕೇ ಸಿಗುತ್ತದೆ. ಬಿಳಿ ಕಾಂಡಕೊರಕಕ್ಕೆ ‘ಕಲ್ಚರಲ್ ಕಂಟ್ರೋಲ್’ ಅಂದಾಗಲೂ ಅಷ್ಟೇ, ಔಷಧಿ ಹೊಡೆಯದೆ ನೆರಳು ಸರಿಯಾಗಿಟ್ಟು, ಹುಳ ಬಿದ್ದ ಗಿಡ ಕಿತ್ತು ಹತೋಟಿ ಮಾಡುವುದು. ಆಲೂಗಡ್ಡೆಯವರಿಗೆ ಸಾಲಿಗೆ ಮಣ್ಣು ಏರಿಸುವುದು ಇದೇ ಪಟ್ಟಿಯಲ್ಲಿ ಬರುತ್ತದೆ.

3. ಮತ್ತೆ ಮತ್ತೆ ಅನ್ನುವುದೇ ಇಲ್ಲದಿದ್ದರೆ?

ಎರಡನೇ ಹಂತದ ಪ್ರಶ್ನೆಗೆ ಉತ್ತರವೇ ಸಿಗದ ವಾಕ್ಯಗಳು ಕೆಲವು ಇವೆ. ‘ಇನ್ ಪ್ರಾಕ್ಟೀಸ್’, ‘ಪುಟ್ ಇನ್‌ಟು ಪ್ರಾಕ್ಟೀಸ್’ ಈ ಜಾತಿಯವು. ಇವು ಅರ್ಥವಾಗಬೇಕಾದರೆ ಪದದ ಮೂಲ ಸ್ವಲ್ಪ ಗೊತ್ತಿರಬೇಕು. ಇದು ಗ್ರೀಕಿನಿಂದ ಲ್ಯಾಟಿನ್, ಹಳೆಯ ಫ್ರೆಂಚ್ ದಾರಿಯಲ್ಲಿ ಇಂಗ್ಲಿಷಿಗೆ ಬಂದ ಪದ, ಗ್ರೀಕಿನ ಬೇರಿನ ಅರ್ಥ ‘ಮಾಡು’ ಅಂತ ಅಷ್ಟೇ. ‘ಮತ್ತೆ ಮತ್ತೆ’ ಅನ್ನುವುದು ಆಮೇಲೆ ಅಂಟಿಕೊಂಡದ್ದು. ಆ ಹಳೆಯ ‘ಮಾಡು’ ಈ ಪದಗುಚ್ಛಗಳಲ್ಲಿ ಇನ್ನೂ ಉಳಿದಿದೆ.

ಹಾಗಾಗಿ ‘ಪುಟ್ ಇನ್‌ಟು ಪ್ರಾಕ್ಟೀಸ್’ ಅಂದರೆ ಕಾರ್ಯರೂಪಕ್ಕೆ ತರುವುದು, ಜಾರಿಗೆ ತರುವುದು. ‘ಪ್ರಾಕ್ಟೀಸ್ ವಾಟ್ ಯು ಪ್ರೀಚ್’ ಅಂದರೆ ಹೇಳಿದ ಹಾಗೆ ನಡೆದುಕೋ ಅಂತ. ‘ಹೇಳುವುದು ಆಚಾರ, ಮಾಡುವುದು ಅನಾಚಾರ’ ಅಂತ ನಾವು ಬೈಯುತ್ತೇವಲ್ಲ, ಅಲ್ಲಿ ‘ಮಾಡುವುದು’ ಅನ್ನುವ ಜಾಗದಲ್ಲಿ ಕೂರುವ ಪದ ಇದು.

‘ಇನ್ ಪ್ರಾಕ್ಟೀಸ್’ಗೆ ಮಾತ್ರ ಮೂರು ಮುಖ. ‘ಇನ್ ಥಿಯರಿ’ ಜೊತೆಗೆ ಬಂದರೆ ‘ವಾಸ್ತವದಲ್ಲಿ’, ‘ನಿಜಕ್ಕೂ ನೋಡಿದರೆ’. ಕಾಗದದ ಮೇಲೆ ಬಸ್ಸು ಎಂಟಕ್ಕೆ, ‘ಇನ್ ಪ್ರಾಕ್ಟೀಸ್’ ಎಂಟೂವರೆಗೆ. ಆಟಗಾರನ ಅಥವಾ ಹಾಡುವವರ ವಿಷಯದಲ್ಲಿ ಬಂದರೆ ‘ಕೈ ಬಿಟ್ಟಿಲ್ಲ, ರೂಢಿಯಲ್ಲಿದ್ದಾರೆ’ ಅಂತ, ಇದರ ಎದುರು ‘ಔಟ್ ಆಫ್ ಪ್ರಾಕ್ಟೀಸ್’, ಅಂದರೆ ರೂಢಿ ತಪ್ಪಿದೆ. ಸಿಎ ಅಥವಾ ಕಂಪನಿ ಸೆಕ್ರೆಟರಿ ಜೊತೆ ಬಂದರೆ ಯಾರ ಕೈಕೆಳಗೂ ನೌಕರಿ ಮಾಡದೆ ಸ್ವತಂತ್ರವಾಗಿ ವೃತ್ತಿ ನಡೆಸುತ್ತಿರುವವರು. ಮೂರಕ್ಕೂ ಅದೇ ಎರಡು ಪದ, ಅದೇ ಅಕ್ಷರಗಳು. ಮೊದಲ ಹಂತದ ಪೆನ್ಸಿಲ್ ಗೆರೆ ಇಲ್ಲಿ ಕೆಲಸಕ್ಕೆ ಬರುತ್ತದೆ.

4. ಅಚ್ಚು ಹಾಕಿಟ್ಟ ಮಾತುಗಳನ್ನು ಬಿಡಿಸಬೇಡಿ

ಕಾನೂನು, ಪರೀಕ್ಷೆ, ಕಚೇರಿಯ ಕೆಲವು ಜೋಡಿಪದಗಳನ್ನು ಇಡಿಯಾಗಿ ನೆನಪಿಟ್ಟುಕೊಳ್ಳಬೇಕು. ಬಿಡಿಬಿಡಿಯಾಗಿ ಅನುವಾದ ಮಾಡಿದರೆ ಕೆಡುತ್ತದೆ.

‘ಅನ್‌ಫೇರ್ ಟ್ರೇಡ್ ಪ್ರಾಕ್ಟೀಸ್’: ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ಇದಕ್ಕೆ ಪ್ರತ್ಯೇಕ ವ್ಯಾಖ್ಯೆಯೇ ಇದೆ. ಕನ್ನಡದಲ್ಲಿ ‘ಅನುಚಿತ ವ್ಯಾಪಾರ ಪದ್ಧತಿ’. ಸುಳ್ಳು ಜಾಹೀರಾತು, ಬಿಲ್ಲು ಕೊಡದೆ ಇರುವುದು ಇವೆಲ್ಲ ಇದರೊಳಗೆ. ಗ್ರಾಹಕರ ಆಯೋಗಕ್ಕೆ ದೂರು ಬರೆಯುವಾಗ ಈ ಪದಗುಚ್ಛವನ್ನು ಸರಿಯಾಗಿ ಬಳಸಿ, ಸುಮ್ನೆ ‘ಕೆಟ್ಟ ಅಭ್ಯಾಸ’ ಅಂತ ಬರೆದರೆ ಅಂಗಡಿಯವನಿಗೆ ಬೀಡಿ ಚಟ ಇದೆ ಅಂದ ಹಾಗಾಗುತ್ತದೆ.

‘ಮಾಲ್‌ಪ್ರಾಕ್ಟೀಸ್’: ನಮ್ಮಲ್ಲಿ ಇದು ಪರೀಕ್ಷೆಯ ಪದ. ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದು ಡಿಬಾರ್ ಆಗುವುದು. ಅಮೆರಿಕದವರಿಗೆ ಇದೇ ಪದ ಕೇಳಿದರೆ ಡಾಕ್ಟರ ನಿರ್ಲಕ್ಷ್ಯ ನೆನಪಾಗುತ್ತದೆ. ಅಲ್ಲಿನ ಕಾಲೇಜಿಗೆ ಅರ್ಜಿ ಬರೆಯುವಾಗ ‘ನಾನು ಯಾವ ಮಾಲ್‌ಪ್ರಾಕ್ಟೀಸೂ ಮಾಡಿಲ್ಲ’ ಅಂತ ಬರೆಯಬೇಡಿ, ಅವರು ತಲೆ ಕೆರೆದುಕೊಳ್ಳುತ್ತಾರೆ. ಪರೀಕ್ಷೆಯ ನಕಲಿಗೆ ಅಲ್ಲಿ ‘ಚೀಟಿಂಗ್’ ಅಂದರೆ ಸಾಕು.

‘ಶಾರ್ಪ್ ಪ್ರಾಕ್ಟೀಸ್’: ಚುರುಕಾದ ಅಭ್ಯಾಸ ಖಂಡಿತ ಅಲ್ಲ. ಕಾನೂನಿಗೆ ಸಿಗದ ಹಾಗೆ ಮಾಡುವ ಕಿತಾಪತಿ. ಹೊಗಳಿಕೆ ಅಂದುಕೊಂಡು ಥ್ಯಾಂಕ್ಸ್ ಹೇಳಿಬಿಟ್ಟೀರಿ.

‘ರೂಲ್ಸ್ ಆಫ್ ಪ್ರಾಕ್ಟೀಸ್’: ಕರ್ನಾಟಕ ಸಿವಿಲ್ ರೂಲ್ಸ್ ಆಫ್ ಪ್ರಾಕ್ಟೀಸ್, 1967 ಅಂತ ವಕೀಲರ ಮೇಜಿನ ಮೇಲೆ ಇರುತ್ತದೆ. ಕೋರ್ಟಿನ ಕೆಲಸ ಯಾವ ರೀತಿ ನಡೆಯಬೇಕು ಅನ್ನುವ ನಿಯಮಗಳು. ಇಲ್ಲಿ ಪ್ರಾಕ್ಟೀಸ್ ಅಂದರೆ ನಡಾವಳಿ.

5. ಈಗ ತಿರುಗಿಸಿ: ಕನ್ನಡದಿಂದ ಇಂಗ್ಲಿಷಿಗೆ

ಇಲ್ಲಿ ಗುಂಡಿ ಇನ್ನೂ ದೊಡ್ಡದು, ಯಾಕೆಂದರೆ ಈಗ ಹತ್ತು ಅರ್ಥ ಹೊತ್ತಿರುವುದು ನಮ್ಮ ‘ಅಭ್ಯಾಸ’. ಅದಕ್ಕೆ ಇಂಗ್ಲಿಷಿನಲ್ಲಿ ಕಡೇಪಕ್ಷ ಐದು ಪದ ಬೇಕು.

‘ನನಗೆ ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಕುಡಿಯೋ ಅಭ್ಯಾಸ’: ಇದು ‘ಹ್ಯಾಬಿಟ್’. ‘ಐ ಹ್ಯಾವ್ ಪ್ರಾಕ್ಟೀಸ್ ಆಫ್ ಡ್ರಿಂಕಿಂಗ್ ಕಾಫಿ’ ಅಂದರೆ ಕುಡಿಯುವುದನ್ನು ಕಷ್ಟಪಟ್ಟು ಕಲಿತ ಹಾಗೆ ಕೇಳುತ್ತದೆ. ತಾನಾಗಿ ಅಂಟಿಕೊಂಡದ್ದು ಹ್ಯಾಬಿಟ್, ಗೊತ್ತಿದ್ದು ಇಟ್ಟುಕೊಂಡದ್ದು ಪ್ರಾಕ್ಟೀಸ್. ಈ ಗೆರೆ ಯಾವಾಗಲೂ ನೇರ ಇರುವುದಿಲ್ಲ, ಆದರೆ ಸಂದೇಹ ಬಂದಾಗ ಇದೇ ದಾರಿ.

‘ರಾತ್ರಿ ತೋಟಕ್ಕೆ ಆನೆ ಬರೋದು ನಮಗೆ ಅಭ್ಯಾಸ ಆಗಿಹೋಗಿದೆ’: ಆಲೂರು, ಸಕಲೇಶಪುರದವರ ಮಾತು ಇದು. ಇಲ್ಲಿ ‘ಯೂಸ್ಡ್ ಟು’. ‘ವಿ ಆರ್ ಪ್ರಾಕ್ಟೀಸ್ಡ್’ ಅಂದರೆ ಆನೆ ವಿಷಯದಲ್ಲಿ ನಾವು ನುರಿತವರು ಅಂತ ಆಗುತ್ತದೆ. ಒಗ್ಗಿಹೋಗುವುದು ಬೇರೆ, ನುರಿಯುವುದು ಬೇರೆ.

‘ಪಾಠದ ಕೊನೆಯ ಅಭ್ಯಾಸ ಮಾಡಿದ್ಯಾ?’: ‘ಎಕ್ಸರ್‌ಸೈಜ್’. ‘ಅವನು ಬೆಂಗಳೂರಿನಲ್ಲಿ ವಿದ್ಯಾಭ್ಯಾಸ ಮಾಡಿದ’: ‘ಸ್ಟಡೀಡ್’. ಇಲ್ಲಿ ಪ್ರಾಕ್ಟೀಸ್ ಹಾಕಿದರೆ ಅವನು ಡಾಕ್ಟರೋ ವಕೀಲನೋ ಆಗಿಬಿಡುತ್ತಾನೆ. ‘ಕೀಬೋರ್ಡ್ ನುಡಿಸೋದು ಅಭ್ಯಾಸ ಮಾಡ್ತಿದ್ದೀನಿ’: ಇಷ್ಟು ಸಾಲಿನಲ್ಲಿ ಇದೊಂದೇ ನಿಜವಾದ ಪ್ರಾಕ್ಟೀಸ್.

ಆ ನಿಜವಾದದ್ದರಲ್ಲೂ ಒಂದು ತಪ್ಪು ಎಲ್ಲರೂ ಮಾಡುತ್ತಾರೆ, ಸಂದರ್ಶನದಲ್ಲಂತೂ ತಪ್ಪದೆ. ‘ಐ ಆ್ಯಮ್ ಪ್ರಾಕ್ಟೀಸಿಂಗ್ ಟು ಸ್ಪೀಕ್ ಇಂಗ್ಲಿಷ್’. ಈ ಕ್ರಿಯಾಪದ ಆದ ಮೇಲೆ ‘ಟು’ ಬರಬಾರದು. ‘ಪ್ರಾಕ್ಟೀಸಿಂಗ್ ಸ್ಪೀಕಿಂಗ್’, ‘ಪ್ರಾಕ್ಟೀಸಿಂಗ್ ಡ್ರೈವಿಂಗ್’. ಎರಡು ಸಲ ‘ಇಂಗ್’ ಬಂದು ಕಿವಿಗೆ ಚುಚ್ಚುತ್ತದೆ ಅಂತ ಹುಡುಗರು ಬದಲಾಯಿಸುತ್ತಾರೆ, ಬದಲಾಯಿಸಬೇಡಿ. ತೀರಾ ಮುಜುಗರ ಆದರೆ ‘ಲರ್ನಿಂಗ್ ಟು’ ಅನ್ನಿ, ಅಲ್ಲಿ ‘ಟು’ ನಡೆಯುತ್ತದೆ.

6. ಸಿ ಬರೆಯಬೇಕಾ, ಎಸ್ ಬರೆಯಬೇಕಾ

ಅರ್ಜಿ ಬರೆಯುವವರ ದೊಡ್ಡ ತಲೆನೋವು. ನಾವು ಬಳಸುವ ಬ್ರಿಟಿಷ್ ಬರವಣಿಗೆಯಲ್ಲಿ ನಾಮಪದಕ್ಕೆ ಕೊನೆಯಲ್ಲಿ ‘ಸಿ ಇ’, ಕ್ರಿಯಾಪದಕ್ಕೆ ‘ಎಸ್ ಇ’. ಅಮೆರಿಕದವರು ಎರಡಕ್ಕೂ ಸಿ ಬರೆದು ಕೈ ತೊಳೆದುಕೊಂಡಿದ್ದಾರೆ. ಉಚ್ಚಾರ ಎಲ್ಲ ಕಡೆ ಒಂದೇ, ‘ಪ್ರಾಕ್ಟಿಸ್’ ಅಂತ ಕೊನೆ ಗಿಡ್ಡ. ನಾವು ಎಳೆದು ‘ಪ್ರಾಕ್ಟೀಸ್’ ಮಾಡಿಕೊಂಡಿದ್ದೇವೆ, ಕನ್ನಡದಲ್ಲಿ ಅದೇ ಇರಲಿ.

ನೆನಪಿಗೆ ಒಂದು ಉಪಾಯ. ಐ ಸಿ ಇ ಸೇರಿದರೆ ‘ಐಸ್’. ಐಸ್ ಒಂದು ವಸ್ತು, ವಸ್ತುವಿನ ಹೆಸರು ನಾಮಪದ. ಹಾಗಾಗಿ ಐಸ್ ಇರುವುದು ನಾಮಪದ. ಇನ್ನೂ ಸಂದೇಹ ಇದ್ದರೆ ಆ ಜಾಗದಲ್ಲಿ ‘ಅಡ್ವೈಸ್’ ಹಾಕಿ ನೋಡಿ. ಅದರಲ್ಲಿ ಸಲಹೆ ಅನ್ನುವ ನಾಮಪದಕ್ಕೂ ಸಲಹೆ ಕೊಡು ಅನ್ನುವ ಕ್ರಿಯಾಪದಕ್ಕೂ ಉಚ್ಚಾರವೇ ಬೇರೆ, ಕಿವಿಯೇ ಹೇಳುತ್ತದೆ.

ಇದಕ್ಕೆ ನಮ್ಮ ಸಂವಿಧಾನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 17ನೇ ವಿಧಿ ಅಸ್ಪೃಶ್ಯತೆಯ ಆಚರಣೆಯನ್ನು ನಿಷೇಧಿಸುತ್ತದೆ, ಅಲ್ಲಿ ಅದು ನಾಮಪದ, ಸಿ. 19ನೇ ವಿಧಿಯ 1(ಜಿ) ಯಾವುದೇ ವೃತ್ತಿಯನ್ನು ಕೈಗೊಳ್ಳುವ ಹಕ್ಕು, ಕ್ರಿಯಾಪದ, ಎಸ್. 25ನೇ ವಿಧಿ ಧರ್ಮವನ್ನು ಆಚರಿಸುವ ಹಕ್ಕು, ಅದೂ ಕ್ರಿಯಾಪದ, ಎಸ್. ಅರ್ಥ ನೋಡಿ: ಒಂದು ಕಡೆ ಆಚರಣೆ, ಒಂದು ಕಡೆ ವೃತ್ತಿ, ಇನ್ನೊಂದು ಕಡೆ ಆಚರಿಸು. ಮೂರರಲ್ಲಿ ಒಂದಕ್ಕೂ ‘ಅಭ್ಯಾಸ’ ಹೊಂದುವುದಿಲ್ಲ.

ಎಚ್ಚರಿಕೆ: ಕಂಪ್ಯೂಟರಿನಲ್ಲಿ ಭಾಷೆ ‘ಇಂಗ್ಲಿಷ್ (ಯುಎಸ್)’ ಅಂತ ಇದ್ದರೆ ಎಸ್ ಇರುವುದಕ್ಕೆ ಕೆಂಪು ಗೆರೆ ಬೀಳುತ್ತದೆ. ಗೆರೆ ಕಂಡು ಹೆದರಿ ಅರ್ಧ ಕಡೆ ಬದಲಾಯಿಸಿ ಅರ್ಧ ಬಿಡುವವರೇ ಜಾಸ್ತಿ. ಭಾಷೆಯನ್ನು ‘ಇಂಗ್ಲಿಷ್ (ಇಂಡಿಯಾ)’ ಮಾಡಿಕೊಳ್ಳಿ, ಇಲ್ಲವೇ ಪೂರ್ತಿ ಅಮೆರಿಕದ್ದೇ ಬರೆಯಿರಿ. ಕಲಬೆರಕೆ ಬೇಡ.

7. ಈ ಪದದ ನೆಂಟರು

ಬೇಗ ಮುಗಿಸುತ್ತೇನೆ. ‘ಪ್ರಾಕ್ಟಿಕಲ್’ ಅಂದರೆ ಪಿಯುಸಿ ಹುಡುಗರಿಗೆ ಪ್ರಯೋಗ ಪರೀಕ್ಷೆ, ಮನೆಯಲ್ಲಿ ಅಪ್ಪ ‘ಪ್ರಾಕ್ಟಿಕಲ್ ಆಗಿ ಯೋಚನೆ ಮಾಡು’ ಅಂದಾಗ ವ್ಯವಹಾರಜ್ಞಾನ. ‘ಪ್ರಾಕ್ಟಿಕಲ್ ಜೋಕ್’ ಅಂದರೆ ಬಾಯಿಮಾತಿನ ತಮಾಷೆ ಅಲ್ಲ, ಕುರ್ಚಿ ಎಳೆದು ಬೀಳಿಸುವಂಥ ಕೀಟಲೆ. ‘ಪ್ರಾಕ್ಟೀಷನರ್’ ಅಂದರೆ ವೃತ್ತಿನಿರತ. ‘ಪ್ರಾಕ್ಟಿಕಬಲ್’ ಅಂದರೆ ಮಾಡಲಿಕ್ಕೆ ಆಗುವಂಥದ್ದು.

ಮೋಸ ಮಾಡುವುದು ‘ಪ್ರಾಕ್ಟಿಕಲಿ’. ಗುತ್ತಿಗೆದಾರ ‘ದ ವರ್ಕ್ ಈಸ್ ಪ್ರಾಕ್ಟಿಕಲಿ ಫಿನಿಶ್ಡ್’ ಅಂತ ಮೆಸೇಜ್ ಕಳಿಸಿದರೆ, ಕೆಲಸ ವಾಸ್ತವದಲ್ಲಿ ಮುಗಿದಿದೆ ಅಂತ ಅಲ್ಲ. ಹೆಚ್ಚೂಕಮ್ಮಿ ಮುಗಿದಿದೆ, ಅಂದರೆ ಮುಗಿದಿಲ್ಲ. ಕೊನೆ ಕಂತು ಕೊಡಬೇಡಿ.

ನೀವೇ ಮಾಡಿ ನೋಡಿ

ಕೆಳಗಿನವಕ್ಕೆ ಕನ್ನಡ ಬರೆಯಿರಿ, ಉತ್ತರ ಕೆಳಗೆ ಇದೆ, ಮೊದಲೇ ನೋಡಬೇಡಿ.

ಒಂದು, ‘ಶಿ ಗೇವ್ ಅಪ್ ಹರ್ ಪ್ರಾಕ್ಟೀಸ್ ಆಫ್ಟರ್ ಬಿಕಮಿಂಗ್ ಎ ಜಡ್ಜ್’. ಎರಡು, ‘ಇಟ್ ಈಸ್ ನಾಟ್ ಅವರ್ ಪ್ರಾಕ್ಟೀಸ್ ಟು ಗಿವ್ ಕ್ರೆಡಿಟ್’. ಮೂರು, ‘ಮೈ ಇಂಗ್ಲಿಷ್ ಈಸ್ ಔಟ್ ಆಫ್ ಪ್ರಾಕ್ಟೀಸ್’. ನಾಲ್ಕು, ‘ಗುಡ್ ಅಗ್ರಿಕಲ್ಚರಲ್ ಪ್ರಾಕ್ಟೀಸಸ್’. ಐದು, ಅಜ್ಜನ ಕಾಲದ ಗಣಿತ ಪುಸ್ತಕದಲ್ಲಿ ‘ಪ್ರಾಕ್ಟೀಸ್’ ಅಂತ ಒಂದು ಪಾಠ.

ಉತ್ತರ: ಒಂದು, ನ್ಯಾಯಾಧೀಶೆ ಆದ ಮೇಲೆ ವಕೀಲಿ ವೃತ್ತಿ ಬಿಟ್ಟರು. ಎರಡು, ಸಾಲ ಕೊಡುವ ಪದ್ಧತಿ ನಮ್ಮಲ್ಲಿಲ್ಲ (ಅಂಗಡಿ ಗೋಡೆಗಾದರೆ ‘ಇಂದು ನಗದು, ನಾಳೆ ಉದ್ರಿ’). ಮೂರು, ಇಂಗ್ಲಿಷಿನ ರೂಢಿ ತಪ್ಪಿದೆ. ನಾಲ್ಕು, ಉತ್ತಮ ಕೃಷಿ ಪದ್ಧತಿಗಳು.

ಐದನೆಯದು ಯಾರಿಗೂ ಬರುವುದಿಲ್ಲ. ಬರದಿದ್ದರೆ ಬೇಜಾರು ಬೇಡ. 1957ರ ಏಪ್ರಿಲ್ 1ರಿಂದ ದಶಮಾಂಶದ ನಾಣ್ಯ ಬಂತು. ಅದಕ್ಕೆ ಮೊದಲು ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಆಗ ಬೆಲೆಯ ಲೆಕ್ಕವನ್ನು ತುಂಡು ತುಂಡು ಮಾಡಿ ಬೇಗ ಹಾಕುವ ಒಂದು ವಿಧಾನ ಇತ್ತು, ಇಂಗ್ಲಿಷ್ ಗಣಿತದ ಪುಸ್ತಕಗಳಲ್ಲಿ ಅದರ ಹೆಸರೇ ‘ಪ್ರಾಕ್ಟೀಸ್’. 40 ಸೇರು ಸಾಮಾನು, ಸೇರಿಗೆ 2 ರೂಪಾಯಿ 12 ಆಣೆ ಅಂದುಕೊಳ್ಳಿ. ಎರಡು ರೂಪಾಯಿಯಂತೆ 80. ಎಂಟಾಣೆ ಅಂದರೆ ರೂಪಾಯಿಯ ಅರ್ಧ, ಹಾಗಾಗಿ 40ರಲ್ಲಿ ಅರ್ಧ 20. ಉಳಿದ ನಾಲ್ಕಾಣೆ ಎಂಟಾಣೆಯ ಅರ್ಧ, ಹಾಗಾಗಿ 20ರಲ್ಲಿ ಅರ್ಧ 10. ಕೂಡಿದರೆ 110 ರೂಪಾಯಿ.